ಇಪ್ಪತ್ತಕ್ಕೆ ಸೊನ್ನೆ ತೆಗೆಯುವ ಕಷ್ಟ

ಹೊಸದಾಗಿ ಮಾಸ್ತರಿಕೆಗೆ ಸೇರಿದ ಹುಡುಗ ಹುಡುಗಿಯರು ಈಗಲೂ ಹೊಸಪೇಟೆಯ ನಮ್ಮ ಮನೆಗೆ ಬರುತ್ತಾರೆ. ಮಂಡಕ್ಕಿ ಒಗ್ಗರಣೆ ತಿಂದು, ಚಹಾ ಕುಡಿದು, ಕೈ ಒರೆಸಿಕೊಂಡು ಕೇಳುವ ಪ್ರಶ್ನೆ ಮಾತ್ರ ಒಂದೇ: "ಎರ್ರಿಸ್ವಾಮಿ ಸರ್, ಪಾಠ ಮಾಡಾಕ ಯಾವ ಮಾದರಿ ಚಲೋ ರೀ? ಪಂಚ ಸೋಪಾನನೋ, ಐದು ಇ ನೋ, ಹಿಮ್ಮುಖನೋ?" ಕಿರಾಣಿ ಅಂಗಡಿಯಲ್ಲಿ ಸಾಬೂನು ಕೇಳಿದಂತೆ ಕೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ. ಯಾಕೆಂದರೆ ಈ ಮೂರನ್ನೂ ತಕ್ಕಡಿಗೆ ಹಾಕಿ ತೂಗಿದ ಮಹಾನುಭಾವ ನಾನೇ. ಆ ತೂಕದಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಬರೆದಿಡುತ್ತೇನೆ. ಇನ್ನು ಮುಂದೆ ಬಂದವರ ಕೈಗೆ ಈ ಹಾಳೆಗಳನ್ನು ಕೊಟ್ಟು ನಾನು ಸುಮ್ಮನೆ ಚಹಾ ಕುಡಿಯುತ್ತೇನೆ.

ನಾನು ಯಾವ ಕುರ್ಚಿಯಿಂದ ಯಾವ ಕುರ್ಚಿಗೆ ಹೋದೆ ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ. ಬೇಕಾದವರು ಧೂಳು ಕುಡಿದು ಓದಬಹುದು. ಇಲ್ಲಿ ಬೇಡ.

ಮೊದಲು ಪಂಚ ಸೋಪಾನ. ಪೀಠಿಕೆ, ನಿರೂಪಣೆ, ತುಲನೆ, ಸಾಮಾನ್ಯೀಕರಣ, ಅನ್ವಯ. ನಾವು ಬಿ.ಎಡ್. ಓದುವಾಗ ಈ ಐದು ಮೆಟ್ಟಿಲು ಹತ್ತದೆ ಯಾವ ಪಾಠವೂ ಮೇಲೆ ಹೋಗುತ್ತಿರಲಿಲ್ಲ. ಅದರಲ್ಲಿ ಒಂದು ಕಟ್ಟಳೆ ಇತ್ತು: ಪಾಠದ ಹೆಸರನ್ನು ಮಾಸ್ತರ ತಾನಾಗಿ ಹೇಳಬಾರದು. ಪ್ರಶ್ನೆ ಕೇಳಿ ಕೇಳಿ ಮಕ್ಕಳ ಬಾಯಿಂದಲೇ ಹೊರಡಿಸಬೇಕು. ನನ್ನ ಅಭ್ಯಾಸ ಪಾಠ ಸಂಡೂರು ಕಡೆಯ ಒಂದು ಶಾಲೆಯಲ್ಲಿ. ಪಾಠ ‘ಕಾಂತ’. ಹಿಂದಿನ ಬೆಂಚಿನಲ್ಲಿ ನಮ್ಮ ಉಪನ್ಯಾಸಕರು ಪೆನ್ನು ಬಿಚ್ಚಿಕೊಂಡು ಕೂತಿದ್ದರು.

"ಮಕ್ಕಳೇ, ನಿಮ್ಮ ಊರ ಗುಡ್ಡದಾಗ ಏನು ಸಿಗುತ್ತದೆ?"

"ಅದಿರು ಸರ್!"

"ಅದರಲ್ಲಿ ಏನಿರುತ್ತದೆ?"

"ಕಬ್ಬಿಣ ಸರ್!"

ಇಲ್ಲಿಯವರೆಗೆ ರಥ ಸರಾಗವಾಗಿ ಸಾಗಿತ್ತು. "ಹಾಗಾದರೆ ಕಬ್ಬಿಣವನ್ನು ಎಳೆಯುವುದು ಯಾವುದು?"

"ಲಾರಿ ಸರ್!"

"ಲಾರಿ ಬಿಟ್ಟು?"

"ರೈಲು ಸರ್!"

"ಅದನ್ನೂ ಬಿಟ್ಟು?"

"ನಮ್ಮಪ್ಪ ಸರ್. ಹಮಾಲಿ ಮಾಡ್ತಾನ್ರಿ."

ಕಾಂತ ನನ್ನ ಜೇಬಿನಲ್ಲೇ ಇತ್ತು, ಸೈಕಲ್ಲಿನ ಬೀಗದ ಕೈಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. ತೆಗೆದು ತೋರಿಸಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಪೀಠಿಕೆ ಮುಗಿಯದೆ ಉಪಕರಣ ತೆಗೆಯುವಂತಿಲ್ಲ! ಎತ್ತು, ಟ್ರ್ಯಾಕ್ಟರು, ಕ್ರೇನು, ಕಡೆಗೆ ಕಂಪನಿಯ ಮ್ಯಾನೇಜರು, ಎಲ್ಲ ಬಂದರು, ಕಾಂತ ಬರಲಿಲ್ಲ. ಗಂಟೆ ಹೊಡೆಯಿತು. ಉಪನ್ಯಾಸಕರು ನನ್ನ ಪುಸ್ತಕದಲ್ಲಿ ಬರೆದರು: ‘ಪೀಠಿಕೆ ಉತ್ತಮ. ಪಾಠ ನೋಡಲು ಸಿಗಲಿಲ್ಲ.’

ಹಾಗಂತ ಪಂಚ ಸೋಪಾನವನ್ನು ಬೈಯಬೇಡಿ. ಅರವತ್ತು ಮಕ್ಕಳು, ಒಂದು ಸೀಮೆಸುಣ್ಣ, ಸೋರುವ ಮಾಡು ಇರುವಲ್ಲಿ ಅದು ಕೈಹಿಡಿದು ನಡೆಸುತ್ತದೆ. ಮೆಟ್ಟಿಲೇ ಮನೆ ಎಂದು ತಿಳಿದು ಅಲ್ಲೇ ಕೂತದ್ದು ನನ್ನ ದಡ್ಡತನ.

ಆಮೇಲೆ ‘ಐದು ಇ’ ಬಂತು. ತೊಡಗಿಸು, ಪರಿಶೋಧಿಸು, ವಿವರಿಸು, ವಿಸ್ತರಿಸು, ಮೌಲ್ಯಮಾಪನ ಮಾಡು. ಇಂಗ್ಲಿಷಿನಲ್ಲಿ ಐದೂ ‘ಇ’ ಅಕ್ಷರದಿಂದ ಶುರುವಾಗುತ್ತವೆ, ಅಷ್ಟೇ ಅದರ ಗುಟ್ಟು. ಈಗ ಉತ್ತರವನ್ನೇ ಮಾಸ್ತರ ಹೇಳಬಾರದು, ಮಕ್ಕಳೇ ಕಂಡುಕೊಳ್ಳಬೇಕು. ಅಷ್ಟು ಹೊತ್ತಿಗೆ ನಾನು ಜಿಲ್ಲೆಯ ತರಬೇತಿ ತಂಡದಲ್ಲಿ ಸಂಪನ್ಮೂಲ ವ್ಯಕ್ತಿಯಾಗಿ, ಪಾಠ ನೋಡಿ ಟಿಕ್ ಹಾಕುವ ತಾಳೆಪಟ್ಟಿ ಹಿಡಿದು ಶಾಲೆ ಶಾಲೆ ಸುತ್ತುತ್ತಿದ್ದೆ. ಆಗಿನ್ನೂ ಜಿಲ್ಲೆ ಒಡೆದಿರಲಿಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿ ಎಲ್ಲವೂ ನಮ್ಮ ಪಾಲಿಗೇ. ತಾಳೆಪಟ್ಟಿಯಲ್ಲಿ ಒಂದು ಕಾಲಂ ಹೀಗಿತ್ತು: ‘ಪ್ರಯೋಗದ ವೇಳೆ ಮಕ್ಕಳು ಆಶ್ಚರ್ಯ ವ್ಯಕ್ತಪಡಿಸಿದರೇ?’

ಕಡ್ಡಿರಾಂಪುರ ದಾಟಿ ಹಂಪಿ ರಸ್ತೆಯ ಕಡೆ ಒಂದು ಶಾಲೆ. ಹೆಸರು ಹೇಳುವುದಿಲ್ಲ, ಅವರು ಇಂದಿಗೂ ನನ್ನನ್ನು ಊಟಕ್ಕೆ ಕರೆಯುತ್ತಾರೆ. ಬಕೆಟ್ಟಿನಲ್ಲಿ ಉಪ್ಪು ನೀರು, ಮಾಸ್ತರ ಕೈಯಲ್ಲಿ ಆಲೂಗಡ್ಡೆ. ಬರೀ ನೀರಿನಲ್ಲಿ ಮುಳುಗುವ ಆಲೂಗಡ್ಡೆ ಉಪ್ಪು ನೀರಿನಲ್ಲಿ ತೇಲಬೇಕು. ಮಾಸ್ತರ ಕೈ ಎತ್ತಿದ್ದೇ ತಡ, ಇಡೀ ತರಗತಿ ಒಂದೇ ದನಿಯಲ್ಲಿ "ಅಬ್ಬಬ್ಬಬ್ಬಾ!" ಎಂದಿತು. ಆಲೂಗಡ್ಡೆ ಇನ್ನೂ ಕೈಯಲ್ಲೇ ಇತ್ತು. ಮುಂದಿನ ಸಾಲಿನ ಒಬ್ಬ ಪಕ್ಕದವನಿಗೆ ಮೊಣಕೈಯಿಂದ ತಿವಿದು, "ಲೇ, ಇನ್ನಾ ಹಾಕಿಲ್ಲಲೇ" ಎಂದ. ಮಾಸ್ತರರ ಮುಖ ಹುಳ್ಳಗಾಯಿತು. ನಾನು ಆ ಕಾಲಂಗೆ ಟಿಕ್ ಹಾಕಿದೆ. ಆಶ್ಚರ್ಯ ವ್ಯಕ್ತವಾಗಿತ್ತು, ಯಾವಾಗ ಎಂದು ಕಾಲಂ ಕೇಳಿರಲಿಲ್ಲ.

ಇದು ನಮ್ಮ ವೃತ್ತಿಯ ಮರ್ಮ, ಹೊಸಬರು ತಿಳಿದಿರಲಿ. ನೋಡಲು ಯಾರಾದರೂ ಬರುತ್ತಾರೆಂದರೆ ಹಿಂದಿನ ವಾರವೇ ಪಾಠ ನಡೆದು ಹೋಗಿರುತ್ತದೆ. ಬಂದವರು ನೋಡುವುದು ನಾಟಕದ ಎರಡನೆಯ ಪ್ರಯೋಗ. ಇದು ಗೊತ್ತಿದ್ದೂ ಗೊತ್ತಿದ್ದೂ ನಾನು ಮುಂದಿನ ಕೆಲಸಕ್ಕೆ ಕೈ ಹಾಕಿದೆನಲ್ಲ, ಅದಕ್ಕೇನು ಹೇಳಲಿ.

ನಮ್ಮ ತರಬೇತಿ ಕಚೇರಿಯ ಸಾಹೇಬರು ದಕ್ಷಿಣದ ಕಡೆಯವರು. ಒಳ್ಳೆಯವರೇ, ಆದರೆ ತರಬೇತಿಗೆ ಹೋಗಿ ಬಂದರೆಂದರೆ ಹದಿನೈದು ದಿನ ಹತ್ತಿರ ಹೋಗುವಂತಿರಲಿಲ್ಲ. ಒಮ್ಮೆ ಹಾಗೆ ಹೋಗಿ ‘ಹಿಮ್ಮುಖ ವಿನ್ಯಾಸ’ ತಂದರು. ಕೊನೆಯಲ್ಲಿ ಮಗುವಿಗೆ ಏನು ಬರಬೇಕು ಎಂಬುದನ್ನು ಮೊದಲು ಬರೆಯುವುದು, ಬಂದಿದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆ ಆಮೇಲೆ, ಪಾಠ ಎಲ್ಲಕ್ಕಿಂತ ಕೊನೆಗೆ. ಯೋಚಿಸಿದರೆ ಬುದ್ಧಿವಂತರ ಮಾತೇ. ಯಾವ ಊರಿಗೆ ಹೋಗಬೇಕೆಂದು ತಿಳಿಯದೆ ಬಸ್ಸು ಹತ್ತುವವರೇ ನಮ್ಮಲ್ಲಿ ಹೆಚ್ಚು.

"ನೋಡಿ ಎರ್ರಿಸ್ವಾಮಿಯವರೇ," ಎಂದರು ಸಾಹೇಬರು, "ಮೂರು ಮಾದರಿ, ಮೂರು ಶಾಲೆ, ಒಂದೇ ಪಾಠ. ಯಾವುದು ಗೆಲ್ಲುತ್ತೋ ಅದನ್ನೇ ಇಡೀ ಜಿಲ್ಲೆಗೆ ಹಾಕಿಬಿಡೋಣ. ಸೋತ ಎರಡು ಮಾದರಿಯ ಮೇಷ್ಟ್ರುಗಳಿಗೆ ಮೇ ತಿಂಗಳಲ್ಲಿ ಹತ್ತು ದಿನ ತರಬೇತಿ. ಅಳೆಯುವುದು ಹೇಗೆ, ನೀವು ಹೇಳಿ."

ಮೇ ತಿಂಗಳು, ಹೊಸಪೇಟೆ, ತಗಡಿನ ಮಾಡಿನ ಸಭಾಂಗಣ. ಈ ಮೂರು ಮಾತು ಕೇಳಿದರೆ ಯಾವ ಮಾಸ್ತರನಾದರೂ ಏನು ಮಾಡಲೂ ಹೇಸುವುದಿಲ್ಲ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನಗೆ ಹೊಳೆದದ್ದು ಒಂದು ಲೆಕ್ಕ. ಪಾಠಕ್ಕೆ ಮೊದಲು ಇಪ್ಪತ್ತು ಅಂಕದ ಪೂರ್ವ ಪರೀಕ್ಷೆ. ಪಾಠವಾದ ಮೇಲೆ ಅದೇ ಇಪ್ಪತ್ತು ಪ್ರಶ್ನೆಯ ಉತ್ತರ ಪರೀಕ್ಷೆ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆಯಿರಿ, ಉಳಿದದ್ದು ಪ್ರಗತಿ. ಯಾವ ಮಗುವಿನ ಪ್ರಗತಿ ಸೊನ್ನೆಯೋ ಅದು ಹಿಂದುಳಿದ ಮಗು, ಅದರ ಹೆಸರು ಪಟ್ಟಿಗೆ ಹೋಗಬೇಕು. ಸಾಹೇಬರು ನನ್ನ ಬೆನ್ನು ತಟ್ಟಿದರು. ನಾನು ಮನೆಗೆ ಹೋಗಿ ಹೆಂಡತಿಗೂ ಹೇಳಿದೆ, ಅವಳು ಹೂಂ ಎಂದು ಕುಕ್ಕರ್ ಇಳಿಸಿದಳು.

ಪಾಠ ಐದನೆಯ ತರಗತಿಯ ‘ನೀರು’. ಕಂಪ್ಲಿ ಕಡೆಯ ಶಾಲೆಗೆ ಪಂಚ ಸೋಪಾನ, ಅಲ್ಲಿ ಪಂಪಾಪತಿ ಎಂಬ ಹಳೆಯ ಹುಲಿ. ಹಂಪಿ ರಸ್ತೆಯ ಆ ಆಲೂಗಡ್ಡೆ ಶಾಲೆಗೆ ಐದು ಇ. ಚೋರನೂರು ದಾಟಿ ಒಳಗಿರುವ ಒಂದು ಸಣ್ಣ ಊರಿಗೆ ಹಿಮ್ಮುಖ, ಅಲ್ಲಿ ಹುಲಿಗೆಮ್ಮ ಎಂಬ ಹೊಸ ಟೀಚರು. ಪ್ರಶ್ನೆ ಪತ್ರಿಕೆಗಳನ್ನು ನಾನೇ ಲಕೋಟೆಯಲ್ಲಿ ಹಾಕಿ, ಗೋಂದು ಹಚ್ಚಿ, ಒಂದು ತಿಂಗಳು ಮೊದಲೇ ಕಳಿಸಿದೆ.

ಪೂರ್ವ ಪರೀಕ್ಷೆಯ ಉತ್ತರ ಪತ್ರಿಕೆಗಳು ಬಂದವು. ಕೆಂಪು ಪೆನ್ನು ಹಿಡಿದು ಪಡಸಾಲೆಯಲ್ಲಿ ಕೂತೆ. ಮೊದಲು ಕಂಪ್ಲಿ ಕಡೆಯ ಕಟ್ಟು. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಗುರುತು ಹಾಕಬೇಕು, ಅಷ್ಟೇ. ‘ಮಂಜುಗಡ್ಡೆ ಕರಗಿದರೆ ಏನಾಗುತ್ತದೆ?’ ಮೊದಲ ಹುಡುಗ ‘ಕಬ್ಬಿಣ’ ಎಂದು ಗುರುತು ಹಾಕಿದ್ದ. ‘ಮಳೆ ಎಲ್ಲಿಂದ ಬರುತ್ತದೆ?’ ‘ಅಂಗಡಿಯಿಂದ.’ ಇಪ್ಪತ್ತಕ್ಕೆ ಸೊನ್ನೆ. ಪಾಪ ಎಂದುಕೊಂಡೆ. ಎರಡನೆಯವನೂ ಸೊನ್ನೆ, ಮೂರನೆಯವಳೂ ಸೊನ್ನೆ. ಮೂವತ್ತೊಂದು ಮಕ್ಕಳು, ಮೂವತ್ತೊಂದು ಸೊನ್ನೆ. ಹಂಪಿ ರಸ್ತೆಯ ಕಟ್ಟು ಬಿಚ್ಚಿದೆ, ಅಲ್ಲೂ ಹಾಗೇ. ಕೆಂಪು ಪೆನ್ನು ಬರಿದಾಯಿತು, ಮೂರನೆಯ ಕಟ್ಟು ಬಿಚ್ಚದೇ ಉಳಿಯಿತು.

ನಾನು ಗಣಿತವನ್ನೂ ಕಲಿಸಿದವನು. ನಾಲ್ಕರಲ್ಲಿ ಒಂದು ಸರಿ. ಏನೂ ತಿಳಿಯದವನು ಕಣ್ಣು ಮುಚ್ಚಿ ಗುರುತು ಹಾಕಿದರೂ ಇಪ್ಪತ್ತರಲ್ಲಿ ನಾಲ್ಕೈದು ಸರಿ ಬೀಳಬೇಕು. ಎಮ್ಮೆ ಕಾಲಿಗೆ ಪೆನ್ಸಿಲ್ ಕಟ್ಟಿ ಬಿಟ್ಟರೂ ಬೀಳಬೇಕು! ಇಪ್ಪತ್ತಕ್ಕೆ ಇಪ್ಪತ್ತೂ ತಪ್ಪು ಬರೆಯಬೇಕಾದರೆ ಇಪ್ಪತ್ತರ ಸರಿ ಉತ್ತರವೂ ಗೊತ್ತಿರಲೇಬೇಕು. ಮರುದಿನವೇ ಕಂಪ್ಲಿ ಬಸ್ಸು ಹತ್ತಿದೆ.

"ಪಂಪಾಪತಿ ಸರ್ರ, ನಿಮ್ಮ ಮಕ್ಕಳಿಗೆ ಮಳಿ ಎಲ್ಲಿಂದ ಬರ್ತೈತಂತ ಗೊತ್ತಿಲ್ಲೇನ್ರಿ?"

"ಗೊತ್ತಿಲ್ದೇನ್ರಿ! ಗೊತ್ತೈತಿ ಅಂತನ ಒಬ್ಬನೂ ಕೈತಪ್ಪಿ ಸರಿ ಬರೀಲಿಲ್ಲ," ಎಂದರು ಪಂಪಾಪತಿ, ಹೆಮ್ಮೆಯಿಂದ. "ಹದಿನೈದು ದಿನ ಬಾಯಿ ಬಡ್ಕಂಡೀನಿ. ಮೊದಲು ಸರಿ ಯಾವುದು ಅಂತ ಕಲಿಸಬೇಕು. ಆಮ್ಯಾಲ ಉಳಿದ ಮೂರು ಯಾಕ ತಪ್ಪು ಅಂತ ಕಲಿಸಬೇಕು. ಆಮ್ಯಾಲ ಸರಿದ್ದು ಬಿಡಾಕ ಕಲಿಸಬೇಕು. ಮೂರು ಪಟ್ಟು ಕೆಲಸ ನೋಡ್ರಿ. ಒಬ್ಬಾಕಿ ಅಂತೂ ಸರಿ ಬರೀಲಿಕ್ಕೆ ಬಿಡ್ರಿ ಸರ್ ಅಂತ ಅತ್ತುಬಿಟ್ಳು."

"ಹಿಂಗ್ಯಾಕ ಮಾಡಿದ್ರಿ?"

"ಕಳಿಯೋ ಲೆಕ್ಕ ಇಟ್ಟವ್ರು ನೀವಲ್ಲೇನ್ರಿ? ಮ್ಯಾಲಿಂದು ಇಪ್ಪತ್ತು ದಾಟಂಗಿಲ್ಲ. ಅಂದ ಮ್ಯಾಲ ಕೆಳಗಿಂದ ಇಳಿಸಬೇಕು. ನನಗ ಬಿ.ಪಿ. ಐತ್ರಿ ಎರ್ರಿಸ್ವಾಮಿ, ಮೇ ತಿಂಗಳದಾಗ ಆ ತಗಡಿನ ಕೆಳಗ ಕುಂತ್ರ ಹೆಣ ಬೀಳ್ತೈತಿ."

ಇನ್ನೊಂದು ವಿಷಯ ಹೇಳಬೇಕು, ಹೇಳಲು ನಾಚಿಕೆಯಾದರೂ. ನಾನು ಆ ಮಕ್ಕಳನ್ನು ಕೇಳಿದೆ. ನೀರಿನ ಬಗ್ಗೆ ಅವರಷ್ಟು ಸ್ಪಷ್ಟವಾಗಿ ಉತ್ತರ ಕೊಟ್ಟ ಐದನೆಯ ತರಗತಿಯನ್ನು ನಾನು ನನ್ನ ಸೇವೆಯಲ್ಲಿ ಕಂಡಿರಲಿಲ್ಲ. ಮಂಜುಗಡ್ಡೆ ಯಾಕೆ ಹಾಲಾಗುವುದಿಲ್ಲ ಎಂದು ಒಬ್ಬ ಹುಡುಗ ಐದು ನಿಮಿಷ ವಾದಿಸಿದ. ತಪ್ಪು ಬರೆಸುವ ಸಲುವಾಗಿ ಮೂರು ಮಾದರಿಗಿಂತ ಚೆನ್ನಾಗಿ ಪಾಠವಾಗಿತ್ತು.

ಆಗಲೇ ಸಾಹೇಬರಿಗೆ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಲೆಕ್ಕ ನನ್ನದು, ಮಾನ ಹೋಗುವುದೂ ನನ್ನದೇ. ಬಾಯಿ ಮುಚ್ಚಿಕೊಂಡು ಉತ್ತರ ಪರೀಕ್ಷೆ ಮಾಡಿಸಿದೆ. ಮೂರೂ ಶಾಲೆಯಲ್ಲಿ ಪ್ರತಿ ಮಗುವೂ ಇಪ್ಪತ್ತಕ್ಕೆ ಇಪ್ಪತ್ತು. ಸೊನ್ನೆಯಿಂದ ಇಪ್ಪತ್ತಕ್ಕೆ ಇಡೀ ಊರಿಗೆ ಊರೇ ಹಾರಿತ್ತು.

ಒಂದು ಮಗುವನ್ನು ಬಿಟ್ಟು. ಚೋರನೂರು ಕಡೆಯ ಶಾಲೆಯ ಸುಂಕಮ್ಮ ಎಂಬ ಹುಡುಗಿ ಪೂರ್ವ ಪರೀಕ್ಷೆಯಲ್ಲೇ ಇಪ್ಪತ್ತಕ್ಕೆ ಇಪ್ಪತ್ತು ತೆಗೆದಿದ್ದಳು. ಉತ್ತರ ಪರೀಕ್ಷೆಯಲ್ಲೂ ಇಪ್ಪತ್ತು. ಕಳೆದರೆ ಸೊನ್ನೆ. ಅವಳೊಬ್ಬಳಿಂದಾಗಿ ಆ ಶಾಲೆಯ ಸರಾಸರಿ ಇಳಿದು, ಹಿಮ್ಮುಖ ವಿನ್ಯಾಸ ಕೊನೆಯ ಸ್ಥಾನಕ್ಕೆ ಬಿತ್ತು. ಜಾಣ ಹುಡುಗಿಯೊಬ್ಬಳು ಇದ್ದ ತಪ್ಪಿಗೆ ಒಂದು ಮಾದರಿಯೇ ಸೋತಿತು. ಹುಲಿಗೆಮ್ಮ ಟೀಚರು ಫೋನಿನಲ್ಲಿ ಅತ್ತರು. "ಎಲ್ಲಾರೂ ಹಂಗ ಮಾಡ್ತಾರಂತ ಕೇಳಿ ನಾನೂ ತಪ್ಪು ಬರೀರಿ ಅಂತ ಹೇಳಿದ್ದೆ ಸರ್. ಉಳಿದ ಮಕ್ಕಳು ಬರದ್ವು. ಈಕಿ ಬರೀಲಿಲ್ಲ. ಮುಂದ ನಾನೇನು ಕೇಳ್ಳಿ ಸರ್, ಯಾಕ ಸರಿ ಬರದಿ ಅಂತ ಬೈಯಾಕ ಆಕ್ಕೈತೇನ್ರಿ?"

ಅಷ್ಟಕ್ಕೇ ಮುಗಿದಿದ್ದರೆ ನಗಬಹುದಿತ್ತು. ನನ್ನದೇ ನಿಯಮದಂತೆ ಸುಂಕಮ್ಮನ ಹೆಸರು ಹಿಂದುಳಿದ ಮಕ್ಕಳ ಪಟ್ಟಿಗೆ ಹೋಯಿತು, ಆ ಪಟ್ಟಿಯಲ್ಲಿ ಅವಳದೊಂದೇ ಹೆಸರು. ಅವಳು ಆರನೆಯ ತರಗತಿಗೆ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆಯಬೇಕಿತ್ತು. ಅರ್ಜಿಯ ಜೊತೆ ನಮ್ಮ ಕಚೇರಿಯ ಪ್ರಗತಿ ಪತ್ರ ಬೇಕು. ಗುಮಾಸ್ತರು ಪಟ್ಟಿ ನೋಡಿ, ಹಿಂದುಳಿದ ಮಗುವಿಗೆ ಪ್ರಗತಿ ಪತ್ರ ಬರುವುದಿಲ್ಲ ಎಂದು ಅರ್ಜಿಯನ್ನು ವಾಪಸು ಕಳಿಸಿದರು. ಅರ್ಜಿಗೆ ಕೊನೆಯ ದಿನ ಶನಿವಾರ. ಅವಳ ಊರಲ್ಲಿ ಐದರ ಮುಂದೆ ಶಾಲೆಯಿಲ್ಲ. ಪತ್ರ ಸಿಗದಿದ್ದರೆ ಹುಡುಗಿ ಜೂನ್‌ನಿಂದ ತಾಯಿಯ ಜೊತೆ ಕೂಲಿಗೆ.

ಸೋಮವಾರ ತಾಯಿ ಹೊನ್ನೂರಮ್ಮ ಎರಡು ಬಸ್ಸು ಬದಲಿಸಿ ಹೊಸಪೇಟೆಯ ಕಚೇರಿಗೇ ಬಂದರು. ಕೈಯಲ್ಲಿ ಮಗಳ ಉತ್ತರ ಪತ್ರಿಕೆ.

"ಕುಂದ್ರವ್ವ," ಎಂದೆ.

"ಕುಂದ್ರಾಕ ಬಂದಿಲ್ರಿ ಸರ್. ನನ್ನ ಮಗಳು ಮೊದಲ ಇಪ್ಪತ್ತು ತಗಂಡಾಳ, ಆಮ್ಯಾಲನೂ ಇಪ್ಪತ್ತು ತಗಂಡಾಳ. ನೀವು ಸೊನ್ನಿ ಅಂತೀರಿ. ಆ ನಲವತ್ತು ಎಲ್ಲಿಗೆ ಹೋದ್ವು?"

"ಅದು ಹಂಗಲ್ಲವ್ವ. ಅದರಾಗ ಇದನ್ನ ಕಳೀಬೇಕು."

"ಯಾಕ ಕಳೀಬೇಕು? ಆಕಿ ಓದಿ ತಗಂಡಿದ್ದು. ಓದಲಾರದ ಮಕ್ಳಿಗೆ ಪತ್ರ ಕೊಟ್ಟೀರಿ, ಓದಿದಾಕೀಗೆ ಇಲ್ಲಂತೀರಿ. ಯಾವೂರ ನ್ಯಾಯ ರೀ ಇದು?"

ಮಾಸ್ತರರಿಗೇ ತರಬೇತಿ ಕೊಡುವ ನಾನು ಎರಡಕ್ಷರ ಕಲಿಯದ ಹೆಂಗಸಿನ ಮುಂದೆ ತಲೆ ಕೆರೆದುಕೊಂಡೆ. ನ್ಯಾಯ ಯಾವೂರದೂ ಆಗಿರಲಿಲ್ಲ, ನನ್ನದಾಗಿತ್ತು.

ಸಾಹೇಬರ ಬಳಿ ಓಡಿದೆ. ಎಲ್ಲವನ್ನೂ ಹೇಳಬೇಕೆಂದೇ ಹೋದೆ, ಬಾಯಲ್ಲಿ ಬಂದದ್ದು ಅರ್ಧ. ಹುಡುಗಿ ಜಾಣೆ, ಪಟ್ಟಿಯಿಂದ ಹೆಸರು ತೆಗೆಯಬೇಕು ಎಂದಷ್ಟೇ ಹೇಳಿದೆ. ಸಾಹೇಬರು ಕನ್ನಡಕ ಏರಿಸಿದರು. "ಪಟ್ಟಿಯಿಂದ ತೆಗೆಯಬೇಕೆಂದರೆ ಪ್ರಗತಿ ತೋರಿಸಬೇಕು, ನಿಮ್ಮದೇ ನಿಯಮ. ಒಂದು ಕೆಲಸ ಮಾಡಿ, ಮರು ಪೂರ್ವ ಪರೀಕ್ಷೆ ಮಾಡಿಸಿ."

"ಸರ್, ಪಾಠ ಮುಗಿದು ಹೋಗಿದೆ."

"ಮುಗಿದರೇನು? ಪೂರ್ವ ಪರೀಕ್ಷೆ ಅಂತ ಮೇಲೆ ಬರೆದರೆ ಅದು ಪೂರ್ವ ಪರೀಕ್ಷೆಯೇ. ಅದರಲ್ಲಿ ಕಡಿಮೆ ಬಂದರಾಯಿತು. ಶುಕ್ರವಾರ ಹೊಸಪೇಟೆಯಲ್ಲಿ ವರದಿ ಬಿಡುಗಡೆ ಸಭೆ ಇದೆಯಲ್ಲ, ಪತ್ರವನ್ನು ಅಲ್ಲೇ ಕೊಡುತ್ತೇನೆ."

ಬುಧವಾರ ಚೋರನೂರು ದಾಟಿ ಆ ಊರಿಗೆ ಹೋದೆ. ಹುಲಿಗೆಮ್ಮ ಟೀಚರು ಖಾಲಿ ಕೋಣೆಯೊಂದನ್ನು ಬಿಟ್ಟುಕೊಟ್ಟರು. ಸುಂಕಮ್ಮ ಬಂದಳು. ಹತ್ತು ವರ್ಷದ ಹುಡುಗಿ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಪತ್ರಿಕೆ ಮುಂದಿಟ್ಟು, ಪೆನ್ನು ಕೊಟ್ಟು ಹೇಳಿದೆ: "ಇದರಾಗ ಎಲ್ಲಾ ತಪ್ಪು ಬರೀಬೇಕವ್ವ. ಆಗ ನಿನಗ ಪತ್ರ ಸಿಗ್ತೈತಿ."

ಅವಳು ಪತ್ರಿಕೆ ನೋಡಿದಳು, ನನ್ನನ್ನು ನೋಡಿದಳು. "ಸರ್, ಆ ದೊಡ್ಡ ಪರೀಕ್ಷಾದಾಗೂ ಹಿಂಗ ತಪ್ಪು ಬರೀಬೇಕೇನ್ರಿ?"

"ಇಲ್ಲವ್ವ, ಅಲ್ಲಿ ಸರಿ ಬರೀಬೇಕು."

"ಇಲ್ಲ್ಯಾಕ ತಪ್ಪು?"

"ಇದು... ಇದು ಬ್ಯಾರೆ."

"ನನಗ ಬರ್ತೈತಿ ಸರ್. ಬರ್ತೈತಂತ ನಿಮಗೂ ಗೊತ್ತೈತಿ. ಮತ್ತ ಯಾರಿಗೆ ತೋರ್ಸಾಕ ಬರೀಲಿ?"

ಪೆನ್ನನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತಳು. ಬಾಗಿಲಲ್ಲಿದ್ದ ಹೊನ್ನೂರಮ್ಮ ಗದರಿದರು: "ಬರೀಲೇ, ಸರ್ ಅಷ್ಟು ದೂರದಿಂದ ಬಂದಾರ!" ಹುಡುಗಿ ಅಲುಗಲಿಲ್ಲ, ಕಣ್ಣಲ್ಲಿ ನೀರು ಮಾತ್ರ ಬಂತು. ಇಂಥ ಮಗುವಿನ ಕೈಯಿಂದ ತಪ್ಪು ಬರೆಸಿದರೆ ನನಗೆ ಒಳ್ಳೆಯದಾಗುವುದಿಲ್ಲ ಎನ್ನಿಸಿತು. ಸತ್ಯ ಹೇಳುವ ಧೈರ್ಯವೂ ಇರಲಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು.

ಕಡೆಗೆ ಬಾಗಿಲು ಮುಂದೆ ಮಾಡಿ, ಮಕ್ಕಳ ಡೆಸ್ಕಿಗೆ ಮೊಣಕಾಲು ತುರುಕಿಕೊಂಡು, ‘ಸುಂಕಮ್ಮ, ಐದನೆಯ ತರಗತಿ’ ಎಂದು ಮೇಲೆ ಬರೆದು, ಐವತ್ತು ದಾಟಿದ ನಾನೇ ಪರೀಕ್ಷೆಗೆ ಕೂತೆ.

ಇಪ್ಪತ್ತಕ್ಕೆ ಸೊನ್ನೆ ತೆಗೆಯುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಕೈ ತಾನಾಗಿ ಸರಿಯಾದದ್ದರ ಕಡೆಗೇ ಎಳೆಯುತ್ತದೆ. ಸುಂಕಮ್ಮ ನನ್ನ ಭುಜದ ಹಿಂದೆ ನಿಂತು ನೋಡುತ್ತಿದ್ದಳು, ಅಳು ನಿಂತಿತ್ತು. ಏಳನೆಯ ಪ್ರಶ್ನೆಗೆ ಬಂದಾಗ ಮೆಲ್ಲಗೆ ಬೆರಳಿಟ್ಟಳು. "ಸರ್, ಇದು ಸರಿ ಆತ್ರಿ."

ಹೊಡೆದು ಹಾಕಿ ಬೇರೆ ಗುರುತು ಮಾಡಿದೆ. ಹದಿನಾಲ್ಕನೆಯದಕ್ಕೆ ಮತ್ತೆ ಬೆರಳು ಬಂತು. "ಇದೂ ಸರಿ ಐತ್ರಿ. ಆವಿ ಮ್ಯಾಲೆ ಹೋಗ್ತೈತಿ, ಕೆಳಗ ಅಂತ ಬರೀರಿ." ತಾನು ತಪ್ಪು ಬರೆಯಲೊಲ್ಲದ ಹುಡುಗಿ ನನ್ನ ತಪ್ಪುಗಳನ್ನು ಶ್ರದ್ಧೆಯಿಂದ ತಿದ್ದಿಕೊಟ್ಟಳು. ಹೀಗೆ ಸುಂಕಮ್ಮನಿಗೆ ಇಪ್ಪತ್ತಕ್ಕೆ ಸೊನ್ನೆ ಬಂತು, ಪ್ರಗತಿ ಇಪ್ಪತ್ತಾಯಿತು. ಮೂರು ಮಾದರಿಗಳೂ ಸಮಸಮ. ಮೂರೂ ಅತ್ಯುತ್ತಮ ಎಂದು ವರದಿ ಅಚ್ಚಿಗೆ ಹೋಯಿತು.

ಶುಕ್ರವಾರದ ಸಭೆಯಲ್ಲಿ ಪತ್ರ ಕೊಟ್ಟು ಕಳಿಸುತ್ತಾರೆ ಎಂದುಕೊಂಡಿದ್ದೆ. ಆದರೆ ನಮ್ಮ ಸಾಹೇಬರು ಗಣಪತಿ ಮಾಡು ಎಂದರೆ ಅವರಪ್ಪನನ್ನೇ ಮಾಡುವವರು. ಮರು ಪರೀಕ್ಷೆ ಮಾಡಿಸಿದ್ದು ತಾವೇ ಎಂಬುದನ್ನು ಮರೆತು, ಪಟ್ಟಿಯಲ್ಲಿದ್ದ ಏಕೈಕ ಹಿಂದುಳಿದ ಮಗು ನಾಲ್ಕೇ ದಿನದಲ್ಲಿ ಸೊನ್ನೆಯಿಂದ ಇಪ್ಪತ್ತಕ್ಕೆ ಏರಿದೆ ಎಂಬುದನ್ನು ಓದಿ ಅವರ ಕಣ್ಣು ತುಂಬಿ ಬಂದಿತ್ತಂತೆ. ಸಭಾಂಗಣದ ತುಂಬ ಮಾಸ್ತರರು. ಗೋಡೆಯ ಮೇಲೆ ಸುಂಕಮ್ಮನ ದೊಡ್ಡ ಫೋಟೋ, ಪಕ್ಕದಲ್ಲಿ ನಾನು ಬರೆದ ಸೊನ್ನೆಯ ಪತ್ರಿಕೆಯನ್ನು ಹಿಗ್ಗಿಸಿ ಅಂಟಿಸಿದ್ದರು. ಹೊರಗೆ ಹೋಗಿ ತಾಯಿ ಮಗಳನ್ನು ಹಿಡಿದೆ. "ಸುಂಕಮ್ಮ, ಏನು ಕೇಳಿದ್ರೂ ಹೌದು ಸರ್ ಅಂದುಬಿಡವ್ವ. ಪತ್ರ ಅವರ ಕೈಯಾಗ ಐತಿ."

ಹೊನ್ನೂರಮ್ಮ ಮಗಳ ಜಡೆ ಸರಿಮಾಡಿ, "ಪತ್ರ ಕೊಟ್ಟ ಕೂಡ್ಲೆ ಎರಡೂ ಕೈಲೆ ತಗಂಡು ಇಳಿದು ಬಾ," ಎಂದರು.

ವೇದಿಕೆಗೆ ಕರೆದರು. ಸಾಹೇಬರು ಒಂದು ಕೈಯಲ್ಲಿ ಪತ್ರ, ಇನ್ನೊಂದು ಕೈಯಲ್ಲಿ ಮೈಕು ಹಿಡಿದು ಸಭೆಯ ಕಡೆ ತಿರುಗಿದರು. "ಬಂಧುಗಳೇ, ಈ ಮಗುವನ್ನು ನೋಡಿ. ಮೊನ್ನೆಯವರೆಗೆ ಇವಳಿಗೆ ನೀರು ಎಂದರೆ ಏನೆಂದೇ ಗೊತ್ತಿರಲಿಲ್ಲ!"

ಚೋರನೂರು ಕಡೆಯ ಬೇಸಿಗೆ ಕಂಡವರಿಗೆ ಗೊತ್ತು, ಆ ಹುಡುಗಿ ದಿನಾ ಶಾಲೆಗೆ ಬರುವ ಮೊದಲು ನಾಲ್ಕು ಕೊಡ ನೀರು ಹೊತ್ತು ಬರುತ್ತಿದ್ದಳು.

"ಹೌದೇನಮ್ಮಾ? ಮೊದಲು ನಿನಗೆ ಏನೂ ಬರುತ್ತಿರಲಿಲ್ಲ ಅಲ್ಲವೇ?" ಮೈಕು ಅವಳ ಬಾಯಿಗೆ ಹೋಯಿತು.

ಸುಂಕಮ್ಮ ಗೋಡೆಯ ಮೇಲಿನ ಪತ್ರಿಕೆ ನೋಡಿದಳು. ಆಮೇಲೆ ನನ್ನನ್ನು ಹುಡುಕಿದಳು. ನಾನು ಮೂರನೆಯ ಸಾಲಿನಲ್ಲಿ ಕೂತು ಹೌದು ಎನ್ನು ಎಂದು ತಲೆ ಅಲ್ಲಾಡಿಸುತ್ತಿದ್ದೆ. ಅವಳು ನಿಧಾನವಾಗಿ, ಪಾಠ ಒಪ್ಪಿಸುವಂತೆ ಹೇಳಿದಳು: "ಬರ್ತಿತ್ತು ಸರ್. ಆ ಸೊನ್ನಿ ನಂದಲ್ರಿ. ಎರ್ರಿಸ್ವಾಮಿ ಸರ್ದು."

ಅಷ್ಟೂ ಮಾಸ್ತರರು ತಲೆ ಎತ್ತಿ ಮಾಡಿನ ಫ್ಯಾನುಗಳನ್ನೇ ನೋಡತೊಡಗಿದರು. ಸಾಹೇಬರು ಪತ್ರವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೋ ಎಂದು ಹೆದರಿದೆ. ಇನ್ನು ಕೂತಿರಲು ಆಗಲಿಲ್ಲ. ಎದ್ದು ನಿಂತೆ.

"ಹೌದು ಸರ್, ಆ ಸೊನ್ನೆ ನನ್ನದು. ನಾನೇ ಕೂತು ಬರೆದದ್ದು. ಹುಡುಗಿಗೆ ಮೊದಲೂ ಇಪ್ಪತ್ತೇ. ಕಲಿತ ಮಗುವನ್ನು ಹಿಂದುಳಿದವಳು ಎಂದು ಬರೆದದ್ದು ನನ್ನ ಲೆಕ್ಕ. ಉಳಿದ ಸೊನ್ನೆಗಳೂ ಖರೇ ಅಲ್ಲ. ಪತ್ರ ಅವಳಿಗೆ ಸೇರಬೇಕಾದದ್ದು, ದಯವಿಟ್ಟು ಕೊಡಿ."

ಸಾಹೇಬರ ಬಾಯಿ ತೆರೆದೇ ಇತ್ತು, ಪತ್ರ ಹಿಡಿದ ಕೈ ಚಾಚಿದಂತೆಯೇ ಇತ್ತು. ಸುಂಕಮ್ಮ ಎರಡೂ ಕೈಯಿಂದ ಅದನ್ನು ತೆಗೆದುಕೊಂಡಳು, ನಮಸ್ಕಾರ ಮಾಡಿದಳು, ಮೆಟ್ಟಿಲಿಳಿದು ತಾಯಿಯ ಹತ್ತಿರ ಹೋದಳು. ಇಬ್ಬರೂ ಊಟಕ್ಕೂ ನಿಲ್ಲದೆ ಬಸ್ ಸ್ಟ್ಯಾಂಡಿಗೆ ಹೊರಟರು. ಅರ್ಜಿ ಶನಿವಾರ ಮುಟ್ಟಿತು. ಪರೀಕ್ಷೆ ಬರೆದಳು, ಸೀಟೂ ಸಿಕ್ಕಿತು. ನನಗೆ ಅವತ್ತು ಆದಷ್ಟು ನಾಚಿಕೆ ಜೀವನದಲ್ಲಿ ಇನ್ನೆಂದೂ ಆಗಿಲ್ಲ, ಅಷ್ಟು ನೆಮ್ಮದಿಯೂ ಆಗಿಲ್ಲ.

ಯಾವ ಮಾದರಿ ಚಲೋ ಎಂದು ಕೇಳುವವರಿಗೆ ಹೇಳುವುದಿಷ್ಟೇ. ಮೂರೂ ಚಲೋ, ಮಗುವಿಗೆ ಮೊದಲೇ ಏನು ಬರುತ್ತದೆ ಎಂದು ನಿಜವಾಗಿ ಕೇಳಿಕೊಂಡು ಶುರು ಮಾಡಿದರೆ. ಕೇಳದಿದ್ದರೆ ಮೂರೂ ದಂಡ.

ವಾರದೊಳಗೆ ನನಗೆ ನೋಟಿಸು ಬಂತು. ವಿಷಯ: ‘ವಿದ್ಯಾರ್ಥಿನಿಯ ಹೆಸರಿನಲ್ಲಿ ತಾವು ಶೂನ್ಯ ಅಂಕ ಪಡೆದಿರುವ ಬಗ್ಗೆ.’ ಏಳು ದಿನದೊಳಗೆ ಸಮಜಾಯಿಷಿ ಕೊಡಬೇಕಿತ್ತು. ನಾನು ಅದೇ ಮಧ್ಯಾಹ್ನ ಕೊಟ್ಟೆ. ‘ಮಾನ್ಯರೇ, ಅಂಕ ಪಡೆದಿರುವುದು ನಿಜ. ಸದರಿ ಶೂನ್ಯವನ್ನು ಕುಮಾರಿ ಸುಂಕಮ್ಮಳ ಹೆಸರಿನಿಂದ ಕೂಡಲೇ ತೆಗೆದು, ನನ್ನ ಹೆಸರಿಗೆ ದಾಖಲಿಸಿಕೊಳ್ಳಬೇಕಾಗಿ ವಿನಂತಿ.’